ಬುದ್ಧನ ಹೆಸರಲ್ಲಿ ಓಡಾಡುವ ಮಾತಿನ ವಂಶಾವಳಿ

ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನ ಗೋಡೆ ಮೇಲೆ ನೀಲಿ ಬಣ್ಣದಲ್ಲಿ ದಪ್ಪಗೆ ಬರೆಸಿದ್ದಾರೆ: 'ಯಾರೋ ಹೇಳಿದರು ಅಂತ ನಂಬಬೇಡಿ, ಗ್ರಂಥದಲ್ಲಿದೆ ಅಂತ ನಂಬಬೇಡಿ, ನಾನೇ ಹೇಳಿದರೂ ನಂಬಬೇಡಿ. ನಿಮ್ಮ ಬುದ್ಧಿಗೆ, ಸಾಮಾನ್ಯ ಜ್ಞಾನಕ್ಕೆ ಒಪ್ಪಿದರೆ ಮಾತ್ರ ನಂಬಿ.' ಕೆಳಗೆ 'ಗೌತಮ ಬುದ್ಧ'. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಬರೆಸಿದ್ದಂತೆ. ಬುದ್ಧ ಪೂರ್ಣಿಮೆ ಬಂತೆಂದರೆ ವಾಟ್ಸಾಪಿನಲ್ಲೂ ಇದೇ ಮಾತು ಬೆಳಗಿನಿಂದ ಬರುತ್ತಿರುತ್ತದೆ. ಯಾರು ಹೇಳಿದರೂ ಸುಮ್ನೆ ನಂಬಬೇಡಿ ಅನ್ನುವ ಮಾತನ್ನು ಬುದ್ಧ ಹೇಳಿದ ಅಂತ ಸುಮ್ನೆ ನಂಬಿದ್ದೇವೆ!

ಮೂಲ ಹುಡುಕುವುದು ಕಷ್ಟವೇನಲ್ಲ. ಬುದ್ಧನ ಉಪದೇಶಗಳನ್ನು ಸೇರಿಸಿಟ್ಟ ಪಾಳಿ ಭಾಷೆಯ ಅಂಗುತ್ತರ ನಿಕಾಯದಲ್ಲಿ ಕಾಲಾಮ ಸುತ್ತ ಅಂತ ಒಂದು ಭಾಗವಿದೆ. ಕೋಸಲ ದೇಶದ ಕೇಸಪುತ್ತ ಎಂಬ ಊರಿನ ಕಾಲಾಮ ಅನ್ನುವ ಜನ ಬುದ್ಧನ ಮುಂದೆ ಗೋಳು ತೋಡಿಕೊಳ್ಳುತ್ತಾರೆ. ಬಂದ ಬಂದ ಸನ್ಯಾಸಿಗಳೆಲ್ಲ ತಮ್ಮದನ್ನು ಹೊಗಳಿ ಬೇರೆಯವರದ್ದನ್ನು ಹೀಯಾಳಿಸಿ ಹೋಗುತ್ತಾರೆ, ನಾವು ಯಾರನ್ನು ನಂಬೋಣ ಅಂತ. ನಿಮಗೆ ಅನುಮಾನ ಬಂದದ್ದು ಸರಿಯೇ ಅನ್ನುತ್ತಾನೆ ಬುದ್ಧ. ಆಮೇಲೆ 10 ವಿಷಯ ಹೇಳುತ್ತಾನೆ. ಕೇಳಿದ್ದು, ಪರಂಪರೆ, ಗಾಳಿಮಾತು, ಗ್ರಂಥ, 'ಇವರು ನಮ್ಮ ಗುರು' ಅನ್ನುವ ಗೌರವ, ಇವು ಯಾವುದೂ ನಂಬಲು ಸಾಕಾಗುವ ಆಧಾರವಲ್ಲ. ಇಲ್ಲಿಯವರೆಗೆ ಗೋಡೆಬರಹ ಸರಿಯಿದೆ.

ಆದರೆ ಆ ಪಟ್ಟಿಯಲ್ಲೇ ತರ್ಕವೂ ಇದೆ. ಊಹೆಯೂ ಇದೆ. ತಾನೇ ಯೋಚಿಸಿ ಒಪ್ಪಿಕೊಂಡ ಅಭಿಪ್ರಾಯಕ್ಕೆ ಹೊಂದುತ್ತದೆ ಅನ್ನುವುದೂ ಇದೆ! ಅಂದರೆ ನಿಮ್ಮ ಬುದ್ಧಿಗೆ ಹಿಡಿಸಿತು ಅಂದಮಾತ್ರಕ್ಕೆ ನಂಬಬೇಡಿ ಅಂತಲೇ ಮೂಲದಲ್ಲಿದೆ. ಹಾಗಾದರೆ ಯಾವುದು ಸಾಕು? ಲೋಭ, ದ್ವೇಷ, ಮೋಹ ಇವುಗಳಿಂದ ಮಾಡಿದ ಕೆಲಸದ ಫಲ ಏನಾಗುತ್ತದೆ ನೋಡಿ. ಕೇಡಾಗುತ್ತದೆ, ತಿಳಿದವರೂ ತೆಗಳುತ್ತಾರೆ ಅಂತ ಸ್ವತಃ ಕಂಡುಕೊಂಡರೆ ಬಿಡಿ. ಗೋಡೆಯ ಕೊನೆಯ ಸಾಲು ಇದಕ್ಕೆ ಹೆಚ್ಚುಕಡಿಮೆ ಉಲ್ಟಾ.

ಈ ಬಾಲ ಎಲ್ಲಿ ಅಂಟಿಕೊಂಡಿತು ಅಂತ ಹುಡುಕುವ ವಿಧಾನವೇ ನನಗೆ ಬಲು ಇಷ್ಟದ ವಿಷಯ. ಪರೀಕ್ಷೆ ಹೊತ್ತಿನ ಜೆರಾಕ್ಸ್ ಅಂಗಡಿ ನೆನಪಿಸಿಕೊಳ್ಳಿ. ಯಂತ್ರದ ಗಾಜಿನ ಮೇಲೊಂದು ಕಪ್ಪು ಚುಕ್ಕೆ ಇದ್ದರೆ ಅಲ್ಲಿ ತೆಗೆದ ಪ್ರತಿ ಹಾಳೆಗೂ ಆ ಚುಕ್ಕೆ ಬರುತ್ತದೆ. ಆ ಹಾಳೆಯನ್ನು ಬೇರೆ ಅಂಗಡಿಯಲ್ಲಿ ಮತ್ತೆ ಜೆರಾಕ್ಸ್ ಮಾಡಿದರೆ ಹಳೇ ಚುಕ್ಕೆಯ ಜೊತೆ ಹೊಸ ಅಂಗಡಿಯ ಗೀಟೂ ಸೇರುತ್ತದೆ. ಚುಕ್ಕೆ ಮಾತ್ರ ಇರುವ ಹಾಳೆ ಮೊದಲಿನದು, ಚುಕ್ಕೆ ಮತ್ತು ಗೀಟು ಎರಡೂ ಇರುವುದು ಅದರ ಮರಿ. ಸರಿಯಾಗಿ ಮೂಡಿದ ಅಕ್ಷರ ಎಲ್ಲ ಪ್ರತಿಯಲ್ಲೂ ಒಂದೇ ಥರ ಇರುವುದರಿಂದ ಅದು ಏನೂ ಹೇಳುವುದಿಲ್ಲ. ಸಂಬಂಧ ತೋರಿಸುವುದು ಎರಡು ಪ್ರತಿಯಲ್ಲೂ ಇರುವ ಒಂದೇ ತಪ್ಪು.

ಸಾಗರದ ಹತ್ತಿರ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಅನ್ನುವ ಹಳೇ ಲಿಪಿಯ ತಾಳೆಗರಿಗಳಿವೆ. ಒಂದೇ ಕೃತಿಯ ನಾಲ್ಕಾರು ಪ್ರತಿ ಸಿಕ್ಕರೆ ಸಂಪಾದಕರು ಮಾಡುವುದು ಇದನ್ನೇ. ಜೀವವಿಜ್ಞಾನಿಗಳು ಡಿಎನ್‌ಎ ನೋಡಿ ಪ್ರಾಣಿಗಳ ವಂಶವೃಕ್ಷ ಬರೆಯುವುದೂ ಇದೇ ಲೆಕ್ಕದಲ್ಲಿ. 1998ರಲ್ಲಿ ಕೇಂಬ್ರಿಜ್‌ನ ಜೀವರಸಾಯನ ವಿಜ್ಞಾನಿಗಳು ಸಾಹಿತ್ಯದವರ ಜೊತೆ ಸೇರಿ, ಹಳೇ ಇಂಗ್ಲಿಷ್ ಕವಿ ಚಾಸರ್‌ನ ಕಾವ್ಯದ ಒಂದು ಭಾಗದ 58 ಹಸ್ತಪ್ರತಿಗಳನ್ನು ಜೀವಿಗಳ ವಂಶವೃಕ್ಷ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂಗೇ ಕೊಟ್ಟುಬಿಟ್ಟರು. ಯಾವ ಪ್ರತಿ ಯಾವುದರ ಸಂಬಂಧಿ ಅಂತ ಅದು ಗುಂಪು ಮಾಡಿ ತೋರಿಸಿತು. ಫಾರ್ವರ್ಡ್‌ಗಳೂ ಹೀಗೇ ಮರಿ ಹಾಕುತ್ತವೆ. 2009ರಲ್ಲಿ ಅಮೆರಿಕದ ಫೇಸ್‌ಬುಕ್‌ನಲ್ಲಿ ಆಸ್ಪತ್ರೆ ಖರ್ಚಿನ ಬಗ್ಗೆ ಹರಡಿದ ಒಂದೇ ಒಂದು ಸಂದೇಶಕ್ಕೆ ಲಕ್ಷಕ್ಕೂ ಜಾಸ್ತಿ ರೂಪಗಳು ಸಿಕ್ಕವು.

ಈಗ ನಮ್ಮ ಗೋಡೆಬರಹ. 'ಸಾಮಾನ್ಯ ಜ್ಞಾನ'ದ ಬಾಲ ಇಂಗ್ಲಿಷ್ ಪೋಸ್ಟರುಗಳಲ್ಲೂ ಇದೆ, ಪಾಳಿಯಲ್ಲಿಲ್ಲ. ಹಾಗಾಗಿ ಕನ್ನಡದ್ದೂ ಇಂಗ್ಲಿಷಿನದ್ದೂ ಒಂದೇ ಬಳ್ಳಿಯವು, ಕನ್ನಡದ್ದು ನೇರ ಪಾಳಿಯಿಂದ ಬಂದದ್ದಲ್ಲ. 'ನಾನೇ ಹೇಳಿದರೂ' ಅನ್ನುವ ತುಣುಕಿಗೆ ಹತ್ತಿರದ ಮಾತು ಇನ್ನೊಂದು ಕಡೆ ಸಿಗುತ್ತದೆ. 8ನೇ ಶತಮಾನದ ಬೌದ್ಧ ಪಂಡಿತ ಶಾಂತರಕ್ಷಿತನ ತತ್ತ್ವಸಂಗ್ರಹ ಅನ್ನುವ ಗ್ರಂಥದಲ್ಲಿ, ಬುದ್ಧನೇ ಹೇಳುವ ಹಾಗೆ ಒಂದು ಸಂಸ್ಕೃತ ಶ್ಲೋಕವಿದೆ. ಚಿನ್ನವನ್ನು ಕಾಯಿಸಿ, ಕತ್ತರಿಸಿ, ಒರೆಗಲ್ಲಿಗೆ ಉಜ್ಜಿ ನೋಡುವ ಹಾಗೆ ನನ್ನ ಮಾತನ್ನೂ ಪರೀಕ್ಷಿಸಿ ತಗೊಳ್ಳಿ, ನನ್ನ ಮೇಲಿನ ಗೌರವಕ್ಕೆ ಬೇಡ ಅಂತ. ಎರಡು ಬೇರೆ ಕಾಲದ, ಬೇರೆ ಭಾಷೆಯ ಮಾತುಗಳು ಒಂದೇ ಪೋಸ್ಟರಿನಲ್ಲಿ ಕಸಿಯಾಗಿರುವ ಹಾಗೆ ಕಾಣುತ್ತದೆ.

ಇಂಥ ಕಸಿ ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಶುರುವಾದದ್ದು 1660ರಲ್ಲಿ. ಯಾರ ಮಾತನ್ನೂ ಹಾಗೇ ಒಪ್ಪುವುದಿಲ್ಲ ಅನ್ನುವುದು ಅದರ ಧ್ಯೇಯವಾಕ್ಯ. ಅದನ್ನು ಕಿತ್ತುಕೊಂಡದ್ದು ರೋಮ್‌ನ ಕವಿ ಹೊರೇಸನ ಒಂದು ಪತ್ರಕವನದಿಂದ. ಅವನು ಪ್ರಯೋಗದ ಬಗ್ಗೆ ಮಾತಾಡುತ್ತಲೇ ಇರಲಿಲ್ಲ. ಬದುಕಿನ ವಿಷಯದಲ್ಲಿ ಯಾವ ಗುರುವಿಗೂ ಆಣೆ ಇಟ್ಟವನಲ್ಲ, ಗಾಳಿ ತಂದು ಬಿಟ್ಟ ಕಡೆ ಅತಿಥಿ ಅಂತ ಬರೆದಿದ್ದ, ಅಷ್ಟೇ.

ಬಾಲ ಸೇರಿದರೆ ನಷ್ಟವೇನು ಅಂತ ಕೇಳಬಹುದು. ಮಲೆನಾಡಿನವರಿಗೆ ಮಂಗನ ಕಾಯಿಲೆಯ ಉದಾಹರಣೆಯೇ ಸಾಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಊರಿನವರೂ ಜ್ವರದಿಂದ ಮಲಗುತ್ತಿದ್ದರು. ಮಂಗದಿಂದ ಮನುಷ್ಯನಿಗೆ ಬಂತು ಅಂತ ಯಾರ ಸಾಮಾನ್ಯ ಜ್ಞಾನವೂ ಹೇಳುತ್ತದೆ. ಹೆಸರೂ ಹಾಗೇ ನಿಂತಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗದ ಜೊತೆಗೆ ಕಾಡಿನ ಉಣುಗುಗಳನ್ನೂ (ರಕ್ತ ಹೀರುವ ಉಣ್ಣೆಗಳು) ಹಿಡಿದು ಪರೀಕ್ಷೆ ಮಾಡಿದರು. ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಉಣುಗು ಅಂತ ಗೊತ್ತಾಯಿತು. ಮಂಗ, ಕಪ್ಪು ಮುಖದ ಮುಸಿಯಗಳೂ ಅದೇ ಉಣುಗಿನ ಕಡಿತಕ್ಕೆ ಸಿಕ್ಕವು. ಅವುಗಳ ಮೈಯಲ್ಲಿ ವೈರಸ್ ಹೆಚ್ಚಾಗುತ್ತದೆ, ರಕ್ತ ಕುಡಿದ ಉಣುಗುಗಳಿಗೆ ಸೇರುತ್ತದೆ. ಮಂಗ ಸತ್ತಾಗ ಆ ಉಣುಗುಗಳು ಅಲ್ಲೇ ನೆಲಕ್ಕೆ ಇಳಿಯುತ್ತವೆ. ಬೇಸಿಗೆಯಲ್ಲಿ ಕೊಟ್ಟಿಗೆಗೆ ತರಗೆಲೆ ಗುಡಿಸಲು ಹೋದವರಿಗೆ ಕಚ್ಚುವುದು ಇವೇ. ಮಂಗನನ್ನು ಹೊಡೆದು ಓಡಿಸಿದರೆ ಕಾಯಿಲೆ ಹೋಗುತ್ತದೆ ಅಂತ ಈಗಲೂ ಅನ್ನುವವರಿದ್ದಾರೆ. ಅವರ ಬುದ್ಧಿಗೆ ಅದು ಪೂರ್ತಿ ಒಪ್ಪಿದೆ. ಕಾಡಿಗೆ ಹೋಗುವಾಗ ಕೈಕಾಲಿಗೆ ಉಣುಗು ಹತ್ತದ ಹಾಗೆ ಮಾಡುವ ಎಣ್ಣೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರು ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ ಅಂತ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಹೋಗುವುದು ಉಣುಗಿನ ಲೆಕ್ಕಾಚಾರದ ಮೇಲೆಯೇ.