ಪದ ಪರಿಚಯ: ಎರರ್, ವಾರ್ನಿಂಗ್, ನೋಟಿಸ್

ಹಾಲಿನ ಸಂಘದ ಬಟವಾಡೆ ಲೆಕ್ಕಕ್ಕಾಗಿ ಬರೆದ ಒಂದು ಸಣ್ಣ ಪಿಎಚ್‌ಪಿ ಕಡತ (ಪಿಎಚ್‌ಪಿ ಎಂದರೆ ಜಾಲಪುಟಗಳಿಗಾಗಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ). ಅದನ್ನು ಇಂದಿನ ಪಿಎಚ್‌ಪಿಯಲ್ಲಿ ಓಡಿಸಿದಾಗ ಪರದೆಯ ಮೇಲೆ ಈ ಸಾಲು ಬರುತ್ತದೆ. ಮೂಲದಲ್ಲಿ ಅದು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ, ಇಲ್ಲಿ ನಮ್ಮ ಲಿಪಿಯಲ್ಲಿ ಕೊಟ್ಟಿದ್ದೇನೆ:

ವಾರ್ನಿಂಗ್: ಅನ್‌ಡಿಫೈನ್ಡ್ ವೇರಿಯಬಲ್ $ಹಿಂಭಾಕಿ ಇನ್ ಬಟವಾಡೆ.ಪಿಎಚ್‌ಪಿ ಆನ್ ಲೈನ್ 41

ನಾವು ಇದನ್ನು ನೋಡಿದ ಕೂಡಲೇ ‘ಎರರ್ ಬಂದಿದೆ’ ಎನ್ನುತ್ತೇವೆ. ಬಂದಿರುವುದು ಎರರ್ ಅಲ್ಲ, ವಾರ್ನಿಂಗ್. ಪಿಎಚ್‌ಪಿ ಆ ಪದವನ್ನು ಆರಿಸಿಯೇ ಬಳಸಿದೆ. ಸಾಲಿನಲ್ಲಿ ನಾಲ್ಕು ಸಂಗತಿಗಳಿವೆ: ಮೊದಲ ಪದ ತೊಂದರೆಯ ದರ್ಜೆ ಹೇಳುತ್ತದೆ, ಅದರ ಮುಂದಿನದು ಏನಾಯಿತು ಎಂದು, ಕೊನೆಯ ಎರಡು ಯಾವ ಕಡತದಲ್ಲಿ, ಎಷ್ಟನೆಯ ಸಾಲಿನಲ್ಲಿ ಎಂದು. ಹೊಸಬರು ಸಾಲಿನ ಸಂಖ್ಯೆಗೆ ನೇರವಾಗಿ ಹಾರುತ್ತಾರೆ. ಮೊದಲ ಪದದಲ್ಲಿ ನಿಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಕೆಂದರೆ ಕೆಲಸ ನಿಂತಿತೋ ಮುಂದುವರಿಯಿತೋ ಎಂಬುದನ್ನು ಆ ಒಂದು ಪದವೇ ಹೇಳುತ್ತದೆ.

ಫೇಟಲ್ ಎರರ್ ಎಂದರೆ ಕೆಲಸ ಅಲ್ಲಿಗೇ ನಿಂತಿತು, ಮುಂದಿನ ಸಾಲುಗಳು ನಡೆಯಲಿಲ್ಲ. ವಾರ್ನಿಂಗ್ ಎಂದರೆ ಎಡವಿದ್ದು ನಿಜ, ಆದರೂ ಕೈಗೆ ಸಿಕ್ಕ ಯಾವುದೋ ಬೆಲೆಯನ್ನು ಇಟ್ಟುಕೊಂಡು ಕೆಲಸ ಮುಂದೆ ಸಾಗಿದೆ. ಕೇಳಿದಾಗ ಎರರ್ ಭಯಂಕರವಾಗಿಯೂ ವಾರ್ನಿಂಗ್ ಸೌಮ್ಯವಾಗಿಯೂ ತೋರುತ್ತದೆ. ಅನುಭವದಲ್ಲಿ ಇದು ತಿರುವುಮುರುವು. ನಿಂತ ಕೆಲಸವನ್ನು ಎಲ್ಲರೂ ಗಮನಿಸುತ್ತಾರೆ. ತಪ್ಪು ಬೆಲೆ ಹೊತ್ತು ಮುಂದೆ ಹೋದ ಕೆಲಸವನ್ನು ಯಾರೂ ಗಮನಿಸುವುದಿಲ್ಲ.

ಇದನ್ನು ನಾನು ಕಲಿತದ್ದು ಮೇಲಿನ ಸಂದೇಶ ಬೊಟ್ಟು ಮಾಡುವ ಆ 41ನೆಯ ಸಾಲಿನಿಂದಲೇ. ಕೆಲವು ವರ್ಷಗಳ ಹಿಂದೆ ಪರಿಚಯದವರ ಹಾಲಿನ ಸಂಘವೊಂದಕ್ಕೆ ಬಟವಾಡೆಯ ಚೀಟಿ ಅಚ್ಚು ಮಾಡುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಪಿಎಚ್‌ಪಿಯಲ್ಲಿ ವೇರಿಯಬಲ್‌ಗಳಿಗೆ, ಅಂದರೆ ಬೆಲೆ ತುಂಬಿಡುವ ಡಬ್ಬಿಗಳಿಗೆ, ಕನ್ನಡದ ಹೆಸರನ್ನೇ ಇಡಬಹುದು, ಅದು ತಕರಾರು ಮಾಡುವುದಿಲ್ಲ. ಕಾರ್ಯದರ್ಶಿಗಳೂ ಓದಿಕೊಳ್ಳಲಿ ಎಂದು ಹಾಗೆಯೇ ಬರೆದಿದ್ದೆ:

$ಪಾವತಿ = $ಲೀಟರ್ * $ದರ + $ಹಿಂಭಾಕಿ - $ಮೇವಿನಕಡಿತ;

ಮೇಲೆ ಎಲ್ಲೋ ಬೆಲೆ ತುಂಬಿದ್ದು $ಹಿಂಬಾಕಿ ಎಂಬ ಹೆಸರಿಗೆ. ಇಲ್ಲಿ ಬಳಸಿದ್ದು $ಹಿಂಭಾಕಿ. ಅಲ್ಪಪ್ರಾಣದ ಬದಲು ಮಹಾಪ್ರಾಣ ಬಿದ್ದಿತ್ತು, ಅಷ್ಟೇ. ಇಲ್ಲದ ವೇರಿಯಬಲ್ ಕೇಳಿದಾಗ ಪಿಎಚ್‌ಪಿ ಅದನ್ನು ನಲ್, ಅಂದರೆ ‘ಏನೂ ಇಲ್ಲ’ ಎಂದು ಹಿಡಿಯುತ್ತದೆ. ಕೂಡುವಾಗ ನಲ್ ಸೊನ್ನೆಯಾಗುತ್ತದೆ. 62 ಲೀಟರ್ ಹಾಲು, ಲೀಟರಿಗೆ 34 ರೂಪಾಯಿ, ಹಿಂದಿನ ಬಾಕಿ 218, ಮೇವಿಗೆ ಕಡಿತ 450: ಬರಬೇಕಾದದ್ದು 1,876 ರೂಪಾಯಿ. ಚೀಟಿಯಲ್ಲಿ ಬಂದದ್ದು 1,658. ನೋಡಿದರೆ ಅನುಮಾನ ಹುಟ್ಟಿಸುವ ಸಂಖ್ಯೆಯಲ್ಲ. ಹಾಲು ಹಾಕುವ ಹಿರಿಯ ಹೆಂಗಸೊಬ್ಬರು ಚೀಟಿ ಹಿಡಿದು ಬಂದು, ‘ಹೋದ ಸಲದ ಬಾಕಿ ಇದರಲ್ಲಿ ಎಲ್ಲಿ ಸೇರಿದೆ, ಸ್ವಾಮಿ?’ ಎಂದು ಕೇಳುವ ತನಕ ಯಾರಿಗೂ ಗೊತ್ತಾಗಲಿಲ್ಲ. ಅವರಿಗೆ ಬರಬೇಕಾದ ಹಣವನ್ನು ಒಂದು ಅಕ್ಷರ ತಿಂದುಹಾಕಿತ್ತು. ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಸಂದೇಶ ಬಂದಿರಲಿಲ್ಲವೇ? ಪಿಎಚ್‌ಪಿ ಹೇಳಲು ಸಿದ್ಧವಿತ್ತು, ಕೇಳುವ ಏರ್ಪಾಡು ಇರಲಿಲ್ಲ. ಆಗ ಓಡುತ್ತಿದ್ದುದು ಪಿಎಚ್‌ಪಿಯ 7ನೆಯ ಆವೃತ್ತಿ. ಅದರಲ್ಲಿ ಇಲ್ಲದ ವೇರಿಯಬಲ್ ಬಳಸುವುದು ವಾರ್ನಿಂಗ್ ಕೂಡ ಆಗಿರಲಿಲ್ಲ, ಅದಕ್ಕೂ ಕೆಳಗಿನ ದರ್ಜೆಯ ನೋಟಿಸ್ ಆಗಿತ್ತು. ನೋಟಿಸ್ ಎಂದರೆ ‘ಗಮನಕ್ಕೆ ತಂದಿದ್ದೇನೆ, ತಪ್ಪಿರಬಹುದು, ಇಲ್ಲದಿರಲೂಬಹುದು’ ಎಂಬ ಮೆಲುದನಿ. ಸಂರಚನೆಯಲ್ಲಿ ಏನನ್ನೂ ಹೇಳದಿದ್ದರೆ ಆ ಆವೃತ್ತಿ ನೋಟಿಸ್‌ಗಳನ್ನು ತೋರಿಸುತ್ತಲೇ ಇರಲಿಲ್ಲ. ಎಲ್ಲ ದರ್ಜೆಯ ಸಂದೇಶಗಳೂ ಸಹಜವಾಗಿ ಹೊರಬರುವಂತಾದದ್ದು 2020ರ ನವೆಂಬರಿನಲ್ಲಿ ಬಂದ 8ನೆಯ ಆವೃತ್ತಿಯಿಂದ. ಇಲ್ಲದ ವೇರಿಯಬಲ್ ನೋಟಿಸ್‌ನಿಂದ ವಾರ್ನಿಂಗ್‌ಗೆ ಬಡ್ತಿ ಪಡೆದದ್ದೂ ಆಗಲೇ. ಸೊನ್ನೆಯಿಂದ ಭಾಗಿಸಿದರೆ ಹಿಂದೆ ಬರೀ ವಾರ್ನಿಂಗ್ ಬರುತ್ತಿತ್ತು, ಈಗ ಎರರ್ ಬರುತ್ತದೆ.

ಇಷ್ಟೊಂದು ದರ್ಜೆಗಳು ಏಕೆ ಎಂಬುದಕ್ಕೆ ಉತ್ತರ ಈ ಭಾಷೆಯ ಹುಟ್ಟಿನಲ್ಲಿದೆ. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ಇದನ್ನು ಆರಂಭಿಸಿದ್ದು ತನ್ನ ಸ್ವಂತ ಜಾಲಪುಟದ ಸಣ್ಣಪುಟ್ಟ ಕೆಲಸಗಳಿಗಾಗಿ. ಪುಟ ಓದಲು ಬಂದವರಿಗೆ ಖಾಲಿ ಪರದೆ ಕಾಣುವುದಕ್ಕಿಂತ ಒಂದು ಮೂಲೆ ಕೆಟ್ಟ ಪುಟ ಕಂಡರೂ ಆದೀತು ಎಂಬ ಉದಾರತೆ ಅಂತಹ ಭಾಷೆಗೆ ಸಹಜ. ಜಾಲಪುಟಕ್ಕೆ ಅದು ಒಪ್ಪುತ್ತದೆ, ಹಣದ ಲೆಕ್ಕಕ್ಕೆ ಒಪ್ಪುವುದಿಲ್ಲ.

ಕನ್ನಡದ ಹೆಸರಿಡುವವರಿಗೆ ಇನ್ನೊಂದು ಮಾತು ಹೇಳಬೇಕು. ಪಿಎಚ್‌ಪಿ ಹೆಸರುಗಳನ್ನು ಹೋಲಿಸುವುದು ಬೈಟುಗಳ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಸಣ್ಣ ತುಣುಕುಗಳ, ಲೆಕ್ಕದಲ್ಲಿ. ‘ಮೊತ್ತ’ದಲ್ಲಿರುವ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಪಿಎಚ್‌ಪಿಗೆ ಬೇರೆ ಬೇರೆ. ಅಕ್ಷರಗಳು ಒತ್ತಾಗದಂತೆ ತಡೆಯಲು ನಾವು ಒತ್ತುವ, ಕಣ್ಣಿಗೆ ಕಾಣದ ಆ ಶೂನ್ಯ ಅಗಲದ ಚಿಹ್ನೆಯೂ ಹೆಸರಿನೊಳಗೆ ಸೇರಿಬಿಡುತ್ತದೆ. ‘ಹೆಸರು ಸರಿಯಾಗಿಯೇ ಇದೆ, ಆದರೂ ಅನ್‌ಡಿಫೈನ್ಡ್ ಎನ್ನುತ್ತಿದೆ’ ಎಂದು ಯಾರಾದರೂ ಹೇಳಿದರೆ, ಒಂದು ಕಡೆಯ ಹೆಸರನ್ನು ನಕಲಿಸಿ ಇನ್ನೊಂದು ಕಡೆ ಅಂಟಿಸಿ ನೋಡಿ ಎನ್ನುತ್ತೇನೆ. ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಇಂತಹ ಒಕಾರಗಳನ್ನು ಮೊದಲೇ ಒಂದು ರೂಪಕ್ಕೆ ತಂದುಕೊಳ್ಳುತ್ತದೆ. ಪಿಎಚ್‌ಪಿಗೆ ಆ ಅಭ್ಯಾಸವಿಲ್ಲ.

ಪಾರ್ಸ್ ಎರರ್ ಬೇರೆಯೇ ಜಾತಿಯದು. ಪಾರ್ಸ್ ಎಂದರೆ ವಾಕ್ಯವನ್ನು ಅದರ ಅಂಗಗಳಾಗಿ ಬಿಡಿಸಿಕೊಳ್ಳುವುದು. ಪಿಎಚ್‌ಪಿ ಕಡತವನ್ನು ನಡೆಸುವ ಮೊದಲು ಪೂರ್ತಿ ಓದಿ ಬಿಡಿಸಿಕೊಳ್ಳುತ್ತದೆ. ಆ ಹಂತದಲ್ಲಿ ಎಡವಿದರೆ ಆ ಕಡತದ ಒಂದು ಸಾಲೂ ನಡೆಯುವುದಿಲ್ಲ. ವಾರ್ನಿಂಗ್ ಹಾಗಲ್ಲ. ನಡೆಯುತ್ತಾ ಆ ಸಾಲನ್ನು ಮುಟ್ಟಿದಾಗಷ್ಟೇ ಅದು ಬಾಯಿ ಬಿಡುತ್ತದೆ. ವರ್ಷಕ್ಕೊಮ್ಮೆ ನಡೆಯುವ ಸಾಲಿನ ತಪ್ಪು ವರ್ಷಕ್ಕೊಮ್ಮೆ ಮಾತ್ರ ಕಾಣುತ್ತದೆ.

ಪಾರ್ಸ್ ಎರರಿನಲ್ಲಿ ಹೆಚ್ಚಾಗಿ ಬರುವ ಪದ ‘ಅನ್‌ಎಕ್ಸ್‌ಪೆಕ್ಟೆಡ್’, ಎಂದರೆ ನಿರೀಕ್ಷಿಸದ್ದು. ಈ ಪದವನ್ನು ಅರ್ಥ ಮಾಡಿಕೊಳ್ಳಲು ನಮ್ಮ ವ್ಯಾಕರಣದ ‘ಆಕಾಂಕ್ಷೆ’ಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ‘ಹುಡುಗನು ಮರವನ್ನು’ ಎಂದು ನಿಲ್ಲಿಸಿದರೆ ಕೇಳುವವರ ಮನಸ್ಸು ಕ್ರಿಯಾಪದಕ್ಕಾಗಿ ಕಾಯುತ್ತದೆ. ಅದೇ ಆಕಾಂಕ್ಷೆ. ಅದು ತೀರುವ ಮೊದಲೇ ‘ನಾಳೆ ಸೋಮವಾರ’ ಎಂದು ಬೇರೆ ವಾಕ್ಯ ಶುರು ಮಾಡಿದರೆ ಕೇಳುವವರು ಗಲಿಬಿಲಿಗೊಳ್ಳುವುದು ‘ನಾಳೆ’ ಎಂಬಲ್ಲಿ. ಆದರೆ ತಪ್ಪಿದ್ದು ಅದಕ್ಕೂ ಹಿಂದೆ, ‘ಮರವನ್ನು’ ಆದ ಮೇಲೆ. ಹದಿಮೂರನೆಯ ಸಾಲಿನ ಕೊನೆಯಲ್ಲಿ ಅರ್ಧವಿರಾಮದ ಚಿಹ್ನೆ ಬಿಟ್ಟುಹೋದರೆ ಪಿಎಚ್‌ಪಿ ಹದಿನಾಲ್ಕನೆಯ ಸಾಲನ್ನು ದೂರುವುದು ಇದೇ ಕಾರಣಕ್ಕೆ. ತೆರೆದ ಆವರಣವನ್ನು ಮುಚ್ಚಲು ಮರೆತರೆ ಅದು ಕಡತದ ಕೊನೆಯವರೆಗೂ ಕಾಯುತ್ತದೆ, 7ನೆಯ ಆವೃತ್ತಿಯವರೆಗೆ ಕೊನೆಯ ಸಾಲಿನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’ ಎನ್ನುತ್ತಿತ್ತು, 8ರಿಂದ ಆವರಣ ಮುಚ್ಚಿಲ್ಲ ಎಂದೇ ಹೇಳುತ್ತದೆ. ಸಾಲಿನ ಸಂಖ್ಯೆ ತಪ್ಪು ಪತ್ತೆಯಾದ ಜಾಗ, ತಪ್ಪು ನಡೆದ ಜಾಗ ಅದೇ ಆಗಿರಬೇಕಿಲ್ಲ.

ಅದೇ ವ್ಯಾಕರಣದ ‘ಯೋಗ್ಯತೆ’ಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಬೆಂಕಿಯಿಂದ ತೋಯಿಸಿದನು’ ಎಂಬ ವಾಕ್ಯದಲ್ಲಿ ಪದಗಳೆಲ್ಲ ಸರಿ, ವಿಭಕ್ತಿಯೂ ಸರಿ, ಆದರೆ ಬೆಂಕಿಗೆ ತೋಯಿಸುವ ಯೋಗ್ಯತೆಯಿಲ್ಲ. ಒಂದು ಪಟ್ಟಿಗೆ ಒಂದು ಸಂಖ್ಯೆಯನ್ನು ಕೂಡಲು ಹೋದಾಗ ಬರುವ ಟೈಪ್ ಎರರ್ ಇಂತಹದು. ಪಾರ್ಸ್ ಹಂತವನ್ನು ದಾಟಿ ಬಂದ ವಾಕ್ಯ ನಡೆಸುವಾಗ ಅರ್ಥಹೀನವಾಗುತ್ತದೆ.

ಹಳೆಯ ಪಾರ್ಸ್ ಎರರ್‌ಗಳಲ್ಲಿ ಒಂದು ವಿಚಿತ್ರ ಪದ ಬರುತ್ತಿತ್ತು: ‘ಪಾಮಾಯಿಮ್ ನೆಕುಡೊಟಾಯಿಮ್’. ಎಷ್ಟೋ ಜನ ಇದನ್ನು ವೈರಸ್ ಎಂದು ಹೆದರಿದ್ದುಂಟು. ಅದು ಹೀಬ್ರೂ. ಇಸ್ರೇಲಿನ ಹೈಫಾದಲ್ಲಿ ಟೆಕ್ನಿಯಾನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಝೀವ್ ಸುರಾಸ್ಕಿ ಮತ್ತು ಆಂಡಿ ಗುಟ್ಮನ್ಸ್ ಪಿಎಚ್‌ಪಿಯ ಪಾರ್ಸರ್ ಅನ್ನು ಹೊಸದಾಗಿ ಬರೆದರು. 1998ರ 3ನೆಯ ಆವೃತ್ತಿ ಅದರ ಫಲ. ಜೋಡಿ ವಿವರಣ ಚಿಹ್ನೆಗೆ, ಅಂದರೆ :: ಎಂಬುದಕ್ಕೆ ಅವರು ಕೊಟ್ಟ ಒಳಹೆಸರು ಇದು. ಅರ್ಥ ‘ಎರಡು ಸಲ ಎರಡು ಚುಕ್ಕಿ’. 8ನೆಯ ಆವೃತ್ತಿಯಿಂದ ಸಂದೇಶದಲ್ಲಿ ಚಿಹ್ನೆಯನ್ನೇ ತೋರಿಸುತ್ತಾರೆ. ಓದುಗರಿಗೆ ಅದು ಅನುಕೂಲವೇ. ಆದರೂ ಎರಡು ದಶಕಗಳ ಕಾಲ ಜಗತ್ತಿನ ಪ್ರೋಗ್ರಾಮರ್‌ಗಳೆಲ್ಲ ಆ ಇಬ್ಬರ ಭಾಷೆಯ ಪದವನ್ನು ಓದಿದರಲ್ಲ ಎಂದು ನೆನೆದರೆ ನನಗೆ ಸಂತೋಷವಾಗುತ್ತದೆ.

ವಾರ್ನಿಂಗ್‌ಗಳಲ್ಲಿ ಕನ್ನಡದವರನ್ನು ಹೆಚ್ಚು ಗೋಳಾಡಿಸಿದ್ದು ‘ಹೆಡರ್ಸ್ ಆಲ್‌ರೆಡಿ ಸೆಂಟ್’. ಹೆಡರ್ ಎಂದರೆ ಪುಟಕ್ಕೂ ಮೊದಲು ಬ್ರೌಸರಿಗೆ ಹೋಗುವ ಸಂಗತಿಗಳು: ಕುಕಿ, ಬೇರೆ ವಿಳಾಸಕ್ಕೆ ಹೋಗು ಎಂಬ ಆದೇಶ ಮುಂತಾದವು. ಪುಟದ ಒಂದೇ ಒಂದು ಬೈಟು ಹೊರಟುಬಿಟ್ಟರೂ ಸಾಮಾನ್ಯವಾಗಿ ಹೆಡರ್‌ಗಳ ಕಾಲ ಮುಗಿಯಿತು. ಆಮೇಲೆ ಹೆಡರ್ ಕಳಿಸಲು ಹೋದರೆ ಈ ವಾರ್ನಿಂಗ್. ಲಾಗಿನ್ ಪುಟ ಗುಪ್ತಪದ ಒಪ್ಪಿಕೊಂಡೂ ಒಳಗೆ ಬಿಡದಿರುವುದು ಹೀಗೆಯೇ. ಕಡತದಲ್ಲಿ ಕನ್ನಡದ ಒಂದು ಪದ ಸೇರಿಸಿ, ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 (ಯೂನಿಕೋಡ್ ಚಿಹ್ನೆಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಎಂದು ಆರಿಸಿ ಉಳಿಸಿದರೆ ಅದು ಕಡತದ ತಲೆಯಲ್ಲಿ ಮೂರು ಬೈಟುಗಳ ಗುರುತನ್ನು ಸದ್ದಿಲ್ಲದೆ ಸೇರಿಸುತ್ತಿತ್ತು. ಕಣ್ಣಿಗೆ ಕಾಣದ ಆ ಮೂರು ಬೈಟುಗಳೇ ಮೊದಲು ಹೊರಡುತ್ತಿದ್ದವು. 2019ರ ವಿಂಡೋಸ್ 10 ಪರಿಷ್ಕರಣೆಯಿಂದ ನೋಟ್‌ಪ್ಯಾಡ್ ಸಹಜವಾಗಿ ಆ ಗುರುತಿಲ್ಲದೆ ಉಳಿಸುತ್ತದೆ. ಆದರೆ ಅದಕ್ಕೂ ಹಿಂದಿನ ಕಡತಗಳು ಇನ್ನೂ ಬಳಕೆಯಲ್ಲಿವೆ.

ಈ ಸಂದೇಶವನ್ನು ಪೂರ್ತಿ ಓದಿದರೆ ಅದರಲ್ಲಿ ಎರಡು ಜಾಗಗಳ ಹೆಸರಿರುತ್ತದೆ. ಕೊನೆಯಲ್ಲಿರುವುದು ಹೆಡರ್ ಕಳಿಸಲು ಹೋಗಿ ಸೋತ ಸಾಲು. ನಡುವೆ, ‘ಔಟ್‌ಪುಟ್ ಸ್ಟಾರ್ಟೆಡ್ ಅಟ್’ ಎಂಬುದರ ಮುಂದೆ ಇರುವುದು ಮೊದಲ ಬೈಟು ಹೊರಟ ಜಾಗ. ರಿಪೇರಿ ಬೇಕಾದದ್ದು ನಡುವಿನದಕ್ಕೆ. ಅಲ್ಲಿ ಯಾವುದೋ ಕಡತದ ಸಾಲು 1 ಎಂದಿದ್ದು, ಅದಕ್ಕೂ ಮೇಲೆ ಖಾಲಿ ಜಾಗವೇನೂ ಕಾಣದಿದ್ದರೆ ಆ ಮೂರು ಬೈಟುಗಳನ್ನು ಅನುಮಾನಿಸಿ.

ಉಳಿದ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ‘ಡೆಪ್ರಿಕೇಟೆಡ್’ ಎಂದರೆ ಇಂದು ನಡೆಯುತ್ತದೆ, ಮುಂದೊಂದು ದಿನ ತೆಗೆದುಹಾಕುತ್ತೇವೆ ಎಂಬ ಮುನ್ಸೂಚನೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನೊಂದಿಗೆ ಮಾತಾಡುವ ಹಳೆಯ ಫಂಕ್ಷನ್‌ಗಳಿಗೆ 2013ರಲ್ಲಿ ಈ ಹಣೆಪಟ್ಟಿ ಬಿತ್ತು, 2015ರ ಕೊನೆಯಲ್ಲಿ ಬಂದ 7ನೆಯ ಆವೃತ್ತಿಯಲ್ಲಿ ಅವು ಇರಲೇ ಇಲ್ಲ. ‘ಅನ್‌ಕಾಟ್’ ಎಂದರೆ ಎರರ್ ಅನ್ನು ಎಸೆಯಲಾಯಿತು, ಹಿಡಿದು ಸಂಭಾಳಿಸುವವರು ಯಾರೂ ಸಿಗಲಿಲ್ಲ ಎಂದು. ಅದರ ಕೆಳಗೆ ಸೊನ್ನೆಯಿಂದ ಎಣಿಸುವ ಸಾಲುಗಳ ಪಟ್ಟಿ ಇರುತ್ತದೆ. ಯಾರು ಯಾರನ್ನು ಕರೆದರು ಎಂಬ ಸರಣಿ ಅದು. ಮೇಲಿನಿಂದ ಓದುತ್ತಾ ಬಂದು ನೀವೇ ಬರೆದ ಕಡತದ ಹೆಸರು ಮೊದಲು ಕಂಡಲ್ಲಿ ನಿಲ್ಲಿ. ‘134217728 ಬೈಟ್ಸ್ ಎಕ್ಝಾಸ್ಟೆಡ್’ ಎಂಬ ದೊಡ್ಡ ಸಂಖ್ಯೆಗೆ ಹೆದರಬೇಕಾಗಿಲ್ಲ, ಅದು ಸರಿಯಾಗಿ 128 ಮೆಗಾಬೈಟ್. ಕೊಟ್ಟ ಮೆಮೊರಿ ಮುಗಿದಿದೆ.

ಸಾಲಿನ ಮುಂದೆ @ ಚಿಹ್ನೆ ಹಾಕಿ ಸಂದೇಶದ ಬಾಯಿ ಮುಚ್ಚಿಸುವ ಅಭ್ಯಾಸ ಒಂದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಸಾರ್ವಜನಿಕರು ನೋಡುವ ಪುಟದಲ್ಲಿ ಸಂದೇಶ ತೋರಿಸಬಾರದು ಎಂಬುದು ನಿಜ. ಅದರಲ್ಲಿ ಸರ್ವರಿನ ಒಳದಾರಿಗಳ ಹೆಸರಿರುತ್ತದೆ, ಅಪರಿಚಿತರಿಗೆ ಅದು ಸುಳಿವು. ಅದಕ್ಕಾಗಿ ಸಂದೇಶಗಳನ್ನು ಲಾಗ್ ಕಡತಕ್ಕೆ ತಿರುಗಿಸುವ ಸೌಲಭ್ಯವಿದೆ. ಆದರೆ ಆ ಕಡತವನ್ನು ದಿನಕ್ಕೊಮ್ಮೆ ಯಾರಾದರೂ ತೆರೆದು ನೋಡಬೇಕು.

ಸಂದೇಶವೇ ಇಲ್ಲದ ತಪ್ಪುಗಳೂ ಇವೆ. ‘ಕನ್ನಡ’ ಎಂಬ ಪದದ ಉದ್ದವನ್ನು ಸ್ಟ್ರ್‌ಲೆನ್ ಫಂಕ್ಷನ್‌ಗೆ ಕೇಳಿದರೆ ಅದು 15 ಎನ್ನುತ್ತದೆ. ಐದು ಯೂನಿಕೋಡ್ ಚಿಹ್ನೆಗಳು, ತಲಾ ಮೂರು ಬೈಟು. ಹೆಸರನ್ನು ಹತ್ತು ಬೈಟಿಗೆ ಕತ್ತರಿಸಿದರೆ ನಾಲ್ಕನೆಯ ಚಿಹ್ನೆ ತುಂಡಾಗಿ ಪರದೆಯ ಮೇಲೆ ಪ್ರಶ್ನಾರ್ಥಕದ ವಜ್ರವೊಂದು ಕಾಣುತ್ತದೆ. ಪಿಎಚ್‌ಪಿಯ ಕಣ್ಣಲ್ಲಿ ಅದು ತಪ್ಪೇ ಅಲ್ಲ. ಬೈಟು ಎಣಿಸು ಎಂದಿರಿ, ಎಣಿಸಿತು.

ಹಾಲಿನ ಸಂಘದ ಆ ನಲವತ್ತೊಂದನೆಯ ಸಾಲನ್ನು ನಾನು ಹಾಗೆಯೇ ಪ್ರತಿ ಮಾಡಿ ಇಟ್ಟುಕೊಂಡಿದ್ದೇನೆ, ಕಲಿಯುವವರಿಗೆ ತೋರಿಸಲು. 7ನೆಯ ಆವೃತ್ತಿಯಲ್ಲಿ ಓಡಿಸಿದರೆ ಮೌನವಾಗಿ 1,658 ಬರುತ್ತದೆ. 8ರಲ್ಲಿ ವಾರ್ನಿಂಗ್ ಬರುತ್ತದೆ, ಅದರ ಕೆಳಗೆ ಅದೇ 1,658. ಇಲ್ಲದ ವೇರಿಯಬಲ್ ಅನ್ನು 9ನೆಯ ಆವೃತ್ತಿಯಲ್ಲಿ ಎರರ್ ಆಗಿಸಬೇಕೆಂದು ಪಿಎಚ್‌ಪಿ ಬಳಗ ಈಗಾಗಲೇ ತೀರ್ಮಾನಿಸಿದೆ. ಅದು ಬಂದ ಮೇಲೆ ಆ ಸಾಲು $ಹಿಂಭಾಕಿಯ ಬಳಿ ನಿಲ್ಲುತ್ತದೆ, ಚೀಟಿ ಅಚ್ಚಾಗುವುದಿಲ್ಲ.