ಆಡಿದ ಮಾತು, ತಲುಪಿದ ಅರ್ಥ

1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಎಲಿಜಬೆತ್ ನ್ಯೂಟನ್ ತಮ್ಮ ಪಿಎಚ್.ಡಿ. ಅಧ್ಯಯನಕ್ಕಾಗಿ ಸರಳವಾದ ಪ್ರಯೋಗವೊಂದನ್ನು ನಡೆಸಿದರು. ಎಲ್ಲರಿಗೂ ಗೊತ್ತಿರುವ ಹಾಡೊಂದರ ಲಯವನ್ನು ಒಬ್ಬರು ಬೆರಳಿನಿಂದ ಮೇಜಿನ ಮೇಲೆ ಬಡಿಯಬೇಕು, ಎದುರಿಗಿರುವವರು ಅದು ಯಾವ ಹಾಡೆಂದು ಗುರುತಿಸಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಕೇಳುಗರು ಗುರುತಿಸುತ್ತಾರೆಂದು ಬಡಿಯುವವರು ಅಂದಾಜಿಸಿದ್ದರು. ಆದರೆ ಬಡಿದ 120 ಹಾಡುಗಳಲ್ಲಿ ಕೇಳುಗರಿಗೆ ಗೊತ್ತಾದದ್ದು 3 ಮಾತ್ರ. ಬಡಿಯುವವರ ತಲೆಯೊಳಗೆ ರಾಗವೂ ಸಾಹಿತ್ಯವೂ ಮೊಳಗುತ್ತಿರುತ್ತವೆ. ಎದುರಿನವರ ಕಿವಿಗೆ ಬೀಳುವುದು ಟಕಟಕ ಸದ್ದಷ್ಟೇ. ತನ್ನೊಳಗಿನ ಹಾಡನ್ನು ಬದಿಗಿಟ್ಟು ಬರಿಯ ಸದ್ದನ್ನು ಕೇಳಿಸಿಕೊಳ್ಳುವುದು ಬಡಿಯುವವರಿಗೆ ಬಹಳ ಕಷ್ಟ.

ಮಾತಿನ ತೊಡಕಿನ ಮೂಲವೂ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ‘ಇಲ್ಲಿ ಸೆಖೆ ಹೆಚ್ಚು’ ಎಂದು ಒಬ್ಬರು ಹೇಳಿದರೆ ಅದು ಕಿಟಕಿ ತೆರೆಯಿರಿ ಎಂಬ ಕೋರಿಕೆಯಾಗಿರಬಹುದು, ಹೊರಡುವ ಮುನ್ಸೂಚನೆಯಾಗಿರಬಹುದು, ಸುಮ್ಮನೆ ಆಡಿದ ಮಾತೂ ಆಗಿರಬಹುದು. ಪದಗಳಲ್ಲಿ ಇಲ್ಲದ ಈ ಅರ್ಥವನ್ನು ಕೇಳುಗರು ಸಂದರ್ಭದಿಂದ ಊಹಿಸಿಕೊಳ್ಳಬೇಕು. ಆ ಊಹೆಯ ಹಿಂದಿರುವ ತತ್ವಗಳನ್ನು ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ವಿವರಿಸಿದರು. ಹೇಳಿದವರಿಗಾದರೋ ತಮ್ಮ ಉದ್ದೇಶ ಮೊದಲೇ ಗೊತ್ತಿರುವುದರಿಂದ ಆ ವಾಕ್ಯಕ್ಕೆ ಬೇರೆ ಅರ್ಥವೂ ಇರಬಹುದೆಂದು ತೋಚುವುದೇ ಅಪರೂಪ.

ಊಹಿಸಲು ಸಿಗುವ ಸಮಯವೂ ತೀರ ಕಡಿಮೆ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಒಂದೇ ಒಂದು ಪದವನ್ನು ನೆನಪಿನಿಂದ ಹೆಕ್ಕಿ ಉಚ್ಚರಿಸಲು ಅಣಿಯಾಗುವುದಕ್ಕೇ ಮಿದುಳಿಗೆ ಸುಮಾರು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಹಾಗಾಗಿ ಎದುರಿನವರ ಮಾತು ಮುಗಿಯುವ ಮುನ್ನವೇ, ಅದು ಎಲ್ಲಿಗೆ ಹೋಗುತ್ತದೆಂದು ಅಂದಾಜಿಸಿ, ನಾವು ಉತ್ತರ ಸಿದ್ಧಪಡಿಸತೊಡಗಿರುತ್ತೇವೆ. ಇದನ್ನು ಉದಾಸೀನವೆಂದು ದೂರುವುದು ಸರಿಯಲ್ಲ; ಮಾತುಕತೆ ನಡೆಯುವುದೇ ಹೀಗೆ.

ಆಪ್ತರ ನಡುವೆ ಈ ಕಷ್ಟ ಇಲ್ಲವೆಂದು ನಾವು ನಂಬುತ್ತೇವೆ. ಆದರೆ 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎರಡರ್ಥದ ಮಾತುಗಳನ್ನು ಬಿಡಿಸುವುದರಲ್ಲಿ ದಂಪತಿಗಳು ಅಪರಿಚಿತರಿಗಿಂತ ಮುಂದಿರಲಿಲ್ಲ. ಹೆಚ್ಚಾಗಿದ್ದದ್ದು ಸಂಗಾತಿಗೆ ಅರ್ಥವಾಗಿದೆ ಎಂಬ ಭರವಸೆ ಮಾತ್ರ.

ಇಷ್ಟಾದರೂ ಮಾತು ನಡೆಯುತ್ತದೆ, ಏಕೆಂದರೆ ನಾವು ಮತ್ತೆ ಮತ್ತೆ ‘ಏನು?’, ‘ಯಾರು?’ ಎಂದು ಕೇಳಿ ತಪ್ಪನ್ನು ಅಲ್ಲಲ್ಲೇ ಸರಿಪಡಿಸಿಕೊಳ್ಳುತ್ತೇವೆ. ಹನ್ನೆರಡು ಭಾಷೆಗಳ ಸಹಜ ಸಂಭಾಷಣೆಯಲ್ಲಿ ಸರಾಸರಿ ಒಂದೂವರೆ ನಿಮಿಷದೊಳಗೆ ಒಮ್ಮೆ ಇಂಥ ವಿಚಾರಣೆ ನಡೆಯುತ್ತದೆಂದು 2015ರ ಅಧ್ಯಯನವೊಂದು ತೋರಿಸಿತು. ಈ ಪದೇ ಪದೇ ಕೇಳುವಿಕೆಯನ್ನು ಮಂದಬುದ್ಧಿಯ ಲಕ್ಷಣವೆಂದು ಕಾಣುವುದು ದೊಡ್ಡ ಅನ್ಯಾಯ.

ಆದರೆ ತಪ್ಪು ಸಕಾಲದಲ್ಲಿ ಸರಿಹೋಗದಿದ್ದರೆ ಏನಾಗಬಹುದೆಂಬುದಕ್ಕೆ ಒಂದು ಉದಾಹರಣೆ ಇದೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದ ಲಾಸ್ ರೊಡಿಯೊಸ್ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಹಾರಲು ಹೊರಟಿದ್ದ ಡಚ್ ಸಂಸ್ಥೆ ಕೆಎಲ್ಎಂನ ವಿಮಾನಕ್ಕೆ ನಿಯಂತ್ರಕರು ‘ಓಕೆ’ ಎಂದು, ತುಸು ತಡೆದು, ಕಾಯುವಂತೆ ಸೂಚಿಸಿದರು. ಅದೇ ಕ್ಷಣದಲ್ಲಿ ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ವಿಮಾನದವರು ತಾವಿನ್ನೂ ಅದೇ ರನ್‌ವೇಯಲ್ಲೇ ಇದ್ದೇವೆಂದು ರೇಡಿಯೊದಲ್ಲಿ ತಿಳಿಸಿದ್ದರಿಂದ, ಎರಡು ಸಂಕೇತಗಳು ಡಿಕ್ಕಿಯಾಗಿ ಕೆಎಲ್ಎಂ ಕಾಕ್‌ಪಿಟ್ಟಿನಲ್ಲಿ ‘ಓಕೆ’ಯ ನಂತರದ ಮಾತು ಕರ್ಕಶ ಸದ್ದಿನಲ್ಲಿ ಮುಳುಗಿತು. ಪ್ಯಾನ್ ಆಮ್ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಕೆಎಲ್ಎಂನ ಫ್ಲೈಟ್ ಇಂಜಿನಿಯರ್ ಕೇಳಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಉತ್ತರಿಸಿದರು. ಕೆಲವೇ ಸೆಕೆಂಡುಗಳಲ್ಲಿ ವಿಮಾನಗಳೆರಡೂ ಅಪ್ಪಳಿಸಿ 583 ಜನ ಸತ್ತರು. ಅನಂತರ ವಿಮಾನಯಾನದ ರೇಡಿಯೊ ಭಾಷೆಯನ್ನು ಬಿಗಿಗೊಳಿಸಲಾಯಿತು: ‘ಟೇಕಾಫ್’ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ಹಿಂಪಡೆಯುವಾಗ ಮಾತ್ರ ಬಳಸಬೇಕು, ಮುಖ್ಯ ಸೂಚನೆಗಳನ್ನು ಪೈಲಟ್ ಬರಿಯ ‘ಓಕೆ’ ಎನ್ನದೆ ಮರಳಿ ಪೂರ್ತಿಯಾಗಿ ಉಚ್ಚರಿಸಬೇಕು, ನಿಯಂತ್ರಕರು ಅದನ್ನು ಕೇಳಿಸಿಕೊಂಡು ತಪ್ಪಿದ್ದರೆ ತಿದ್ದಬೇಕು.