ಉಂಡು ಮಲಗುವ ಮೊದಲೇ ನಿದ್ದೆ ಹೋದ ಮಗು: ಕೌಟುಂಬಿಕ ಸಂಬಂಧಗಳು ಮತ್ತು ಮಕ್ಕಳ ಹೊಂದಾಣಿಕೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನೂ, 'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು' ಎಂಬ ಗಾದೆಯನ್ನೂ ಮಂಡ್ಯ ಸೀಮೆಯ ಮನೆಗಳಲ್ಲಿ ಒಬ್ಬರೇ ಹಿರಿಯರು ಒಂದೇ ದಿನ ಆಡುವುದುಂಟು. ಎರಡೂ ನಿಜವೇ. ಮೊದಲನೆಯದು ದೊಡ್ಡವರ ಅನುಭವವನ್ನು ಹೇಳುತ್ತದೆ, ಎರಡನೆಯದು ಮಗುವಿನ ಪಾಡನ್ನು ಹೇಳುತ್ತದೆ. ದೊಡ್ಡವರು ಉಂಡು ಮಲಗುವ ಹೊತ್ತಿಗೆ ಮಗು ಆಗಲೇ ನಿದ್ದೆ ಹೋಗಿರುತ್ತದೆ. ಜಗಳ ಶುರುವಾದದ್ದನ್ನು ಅದು ಕಣ್ಣಾರೆ ಕಂಡಿದೆ, ಮುಗಿದದ್ದನ್ನು ಕಂಡಿಲ್ಲ. ಕುಟುಂಬದ ಸಂಬಂಧಗಳು ಮಗುವಿನ ಭಾವನೆಗಳ ಮೇಲೂ ನಾಲ್ಕು ಜನರೊಡನೆ ಅದು ಬೆರೆಯುವ ರೀತಿಯ ಮೇಲೂ ಹೇಗೆ ಪರಿಣಾಮ ಬೀರುತ್ತವೆ ಎಂಬ ಅಧ್ಯಾಯವನ್ನು ಬಿ.ಎಡ್. ತರಗತಿಯಲ್ಲಿ ಓದುತ್ತಾ ಹೋದಂತೆ, ಅದರ ಬಹುಪಾಲು ಈ ಎರಡು ಗಾದೆಗಳ ನಡುವಿನ ಅಂತರದಲ್ಲಿಯೇ ಅಡಗಿದೆ ಎಂದು ನನಗೆ ಮನವರಿಕೆಯಾಯಿತು. ಜೊತೆಯಲ್ಲಿ ಓದುತ್ತಿರುವವರಿಗೆ ಉಪಯೋಗವಾಗಲೆಂದು ಈ ಟಿಪ್ಪಣಿಯನ್ನು ಬರೆದಿದ್ದೇನೆ.

ಹೊಂದಾಣಿಕೆ ಎಂಬ ಪದ

ಹೊಂದಾಣಿಕೆ ಎಂದರೆ ಹೇಳಿದಂತೆ ಕೇಳುವುದು ಎಂದು ನಾವು ತಪ್ಪು ತಿಳಿಯುತ್ತೇವೆ. ಭಾವನಾತ್ಮಕ ಹೊಂದಾಣಿಕೆ ಎಂದರೆ ಸಿಟ್ಟು, ಭಯ, ದುಃಖ ಬಂದಾಗ ಅದನ್ನು ಗುರುತಿಸಿ, ಹೇಳಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಸ್ಥಿಮಿತಕ್ಕೆ ಬರುವ ಶಕ್ತಿ. ಸಾಮಾಜಿಕ ಹೊಂದಾಣಿಕೆ ಎಂದರೆ ಓರಗೆಯವರೊಡನೆ ಸ್ನೇಹ ಬೆಳೆಸುವ, ಮುನಿಸು ಬಂದರೆ ಸರಿಪಡಿಸಿಕೊಳ್ಳುವ, ಬೇಕಾದಾಗ ಸಹಾಯ ಕೇಳುವ ಶಕ್ತಿ. ಹೊಂದಾಣಿಕೆಯ ತೊಂದರೆಗಳು ಎರಡು ದಾರಿ ಹಿಡಿಯುತ್ತವೆ. ಹೊಡೆದಾಟ, ಸುಳ್ಳು, ಶಾಲೆ ತಪ್ಪಿಸುವುದು ಹೊರಮುಖವಾದವು. ಆತಂಕ, ಮೌನ, ಕಾರಣವಿಲ್ಲದ ಹೊಟ್ಟೆನೋವು ಒಳಮುಖವಾದವು. ಮೊದಲನೆಯ ಬಗೆಯ ಮಗುವಿನ ಹೆಸರು ವಾರದೊಳಗೆ ಶಿಕ್ಷಕರ ಕೊಠಡಿಯಲ್ಲೆಲ್ಲ ಕೇಳಿಬರುತ್ತದೆ. ಎರಡನೆಯ ಬಗೆಯ ಮಗುವನ್ನು ನಾವು 'ಬಹಳ ಒಳ್ಳೆಯ ಹುಡುಗಿ, ಗಲಾಟೆಯೇ ಇಲ್ಲ' ಎಂದು ಹೊಗಳಿ ಕೈಬಿಡುತ್ತೇವೆ. ಈ ಮಾತನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲ ಬಾಂಧವ್ಯ

ಇಂಗ್ಲಿಷಿನ 'ಅಟ್ಯಾಚ್‌ಮೆಂಟ್' ಎಂಬುದಕ್ಕೆ ಪಠ್ಯಗಳಲ್ಲಿ ಅಂಟಿಕೆ, ಬಂಧ, ಬಾಂಧವ್ಯ ಎಂದು ಬೇರೆ ಬೇರೆ ಪದಗಳಿವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ 1924ರಲ್ಲೇ ಆರಂಭವಾಗಿದ್ದರೂ ಈ ಒಂದು ಪದದ ವಿಷಯದಲ್ಲಿ ನಾವಿನ್ನೂ ಒಮ್ಮತಕ್ಕೆ ಬಂದಿಲ್ಲ. ನಾನು ಬಾಂಧವ್ಯ ಎಂದೇ ಬರೆಯುತ್ತೇನೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ಅನ್ನದಷ್ಟೇ ಅಗತ್ಯವಾದದ್ದು ತಾಯಿಯೊಡನೆ ಅಥವಾ ತಾಯಿಯ ಸ್ಥಾನದಲ್ಲಿರುವವರೊಡನೆ ಬೆಚ್ಚಗಿನ, ಎಡೆಬಿಡದ ಸಂಬಂಧ ಎಂದು ವಾದಿಸಿದರು. ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮಕ್ಕಳನ್ನು ಗಮನಿಸಿ, ಒಂದು ವರ್ಷದ ಆಸುಪಾಸಿನ ಮಗುವನ್ನು ಹೊಸ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ತಾಯಿ ಹೊರಹೋಗಿ ಬರುವ ಪ್ರಯೋಗವನ್ನು ರೂಪಿಸಿದರು. ಪರೀಕ್ಷೆಯಲ್ಲಿ ಅನೇಕರು ಇಲ್ಲಿಯೇ ತಪ್ಪುತ್ತಾರೆ. ತಾಯಿ ಹೋದಾಗ ಮಗು ಅತ್ತಿತೇ ಎಂಬುದಕ್ಕಿಂತ, ಅವಳು ಮರಳಿ ಬಂದಾಗ ಮಗು ಏನು ಮಾಡಿತು ಎಂಬುದೇ ಆ ಪ್ರಯೋಗದ ಮುಖ್ಯ ಅಂಶ. ಸುರಕ್ಷಿತ ಬಾಂಧವ್ಯವಿರುವ ಮಗು ತಾಯಿಯ ಬಳಿ ಹೋಗಿ ಸಮಾಧಾನ ಪಡೆದು ಮತ್ತೆ ಆಟಕ್ಕೆ ಇಳಿಯುತ್ತದೆ. ಇನ್ನೊಂದು ಮಗು ಮುಖ ತಿರುಗಿಸುತ್ತದೆ. ಮತ್ತೊಂದು ತಾಯಿಗೆ ಅಂಟಿಕೊಂಡೇ ಅವಳನ್ನು ಒದೆಯುತ್ತದೆ.

ಈ ಅನುಭವಗಳಿಂದ ಮಗು ತನ್ನೊಳಗೆ ಒಂದು ನಿರೀಕ್ಷೆಯನ್ನು ಕಟ್ಟಿಕೊಳ್ಳುತ್ತದೆ ಎಂದು ಬೌಲ್ಬಿ ಹೇಳಿದರು. ನಾನು ಕರೆದರೆ ಯಾರಾದರೂ ಬರುತ್ತಾರೆಯೇ, ನಾನು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಾತಿಲ್ಲದ ಉತ್ತರ ಅದು. ಪುಸ್ತಕದಲ್ಲಿ ಓದಿದಾಗ ನನಗೆ ಇದು ಅರ್ಥವಾಗಿರಲಿಲ್ಲ. ಮದ್ದೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ಆರನೆಯ ತರಗತಿಯ ಹುಡುಗನೊಬ್ಬನ ಮೊಣಕೈ ತಾಗಿ ನೀರಿನ ಬಾಟಲಿ ಉರುಳಿ, ಪಕ್ಕದವನ ನೋಟ್‌ಬುಕ್ ಒದ್ದೆಯಾಯಿತು. ಯಾರೂ ಒಂದು ಮಾತೂ ಆಡಿರಲಿಲ್ಲ, ನಾನು ಕಪ್ಪು ಹಲಗೆಯ ಬಳಿಯಿಂದ ಕದಲಿರಲಿಲ್ಲ. ಅಷ್ಟರಲ್ಲೇ ಅವನ ಎಡಗೈ ತಲೆಯ ಮೇಲೆ ಅಡ್ಡ ಬಂದಿತ್ತು, ಕಣ್ಣು ಮುಚ್ಚಿತ್ತು. ಪುಸ್ತಕ ಒದ್ದೆಯಾದ ಹುಡುಗ ಮಾತ್ರ ಏನೂ ಆಗದವನಂತೆ ಹಾಳೆಗಳನ್ನು ಬಿಡಿಸಿ ಕಿಟಕಿಯ ಬಿಸಿಲಿಗೆ ಹಿಡಿದ. ಒಂದೇ ಬೆಂಚಿನಲ್ಲಿ, ಒಂದೇ ಗಳಿಗೆಯಲ್ಲಿ, ಎರಡು ಮನೆಗಳು ನನ್ನ ಎದುರಿಗೆ ಕುಳಿತಿದ್ದವು.

ಜಗಳ ಮತ್ತು ಅದರ ಕೊನೆ

ತಂದೆ ತಾಯಿ ಜಗಳವಾಡಲೇಬಾರದು ಎಂದು ಬರೆಯುವುದು ಸುಲಭ, ಪಾಲಿಸುವುದು ಅಸಾಧ್ಯ. ಸಂಶೋಧನೆಯೂ ಹಾಗೆ ಹೇಳುವುದಿಲ್ಲ. ಪ್ಯಾಟ್ರಿಕ್ ಡೇವೀಸ್ ಮತ್ತು ಮಾರ್ಕ್ ಕಮಿಂಗ್ಸ್ 1994ರಲ್ಲಿ ಮಂಡಿಸಿದ ಭಾವನಾತ್ಮಕ ಭದ್ರತೆಯ ಸಿದ್ಧಾಂತದ ಪ್ರಕಾರ, ಜಗಳ ಕೇಳಿದಾಗ ಮಗುವಿನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಯಾರದು ತಪ್ಪು ಎಂಬುದಲ್ಲ, ಈ ಮನೆ ಉಳಿಯುತ್ತದೆಯೇ ಎಂಬುದು. ಆ ಭದ್ರತೆ ಅಲುಗಾಡಿದಾಗ ಮಗು ಅದನ್ನು ತಾನೇ ಉಳಿಸಿಕೊಳ್ಳಲು ಹೊರಡುತ್ತದೆ: ಮಧ್ಯೆ ನುಗ್ಗುತ್ತದೆ, ಜ್ವರ ಬಂದಂತೆ ಮಲಗುತ್ತದೆ, ತಂಟೆ ಮಾಡಿ ಇಬ್ಬರ ಸಿಟ್ಟನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ದೊಡ್ಡವರ ಜಗಳದ ದೃಶ್ಯಗಳನ್ನು ಮಕ್ಕಳಿಗೆ ತೋರಿಸಿ ನಡೆಸಿದ ಅಧ್ಯಯನಗಳಲ್ಲಿ, ರಾಜಿಯಾಗಿ ಕೊನೆಗೊಂಡ ಜಗಳವನ್ನು ಕಂಡ ಮಕ್ಕಳ ಕಳವಳ, ಅರ್ಧಕ್ಕೇ ನಿಂತ ಜಗಳವನ್ನು ಕಂಡವರದಕ್ಕಿಂತ ಬಹಳ ಕಡಿಮೆಯಿತ್ತು. ಕಣ್ಣಿಗೆ ಕಾಣದಂತೆ ರಾಜಿಯಾದರೂ, ಹಾಗಾಯಿತು ಎಂದು ಮಗುವಿಗೆ ತಿಳಿಸಿ ಹೇಳಿದರೆ ಕಳವಳ ಇಳಿಯುತ್ತದೆ. ಆದರೆ ಮಾತೇ ಆಡದೆ ಬಿಗಿದುಕೊಂಡಿರುವುದನ್ನೂ ಮಕ್ಕಳು ಜಗಳವೆಂದೇ ಎಣಿಸುತ್ತಾರೆ.

ಇದಕ್ಕೆ ಹತ್ತಿರದ ಇನ್ನೊಂದು ಕೆಲಸ ಎಡ್ವರ್ಡ್ ಟ್ರಾನಿಕ್ ಅವರದು. ನಗುತ್ತಾ ಆಡಿಸುತ್ತಿದ್ದ ತಾಯಿ ಒಂದೆರಡು ನಿಮಿಷ ಮುಖವನ್ನು ಕಲ್ಲಿನಂತೆ ನಿಶ್ಚಲವಾಗಿಸಿದರೆ, ಕೆಲವೇ ತಿಂಗಳ ಕೂಸು ನಗುತ್ತದೆ, ಕೈಚಾಚುತ್ತದೆ, ಕೂಗುತ್ತದೆ, ಕೊನೆಗೆ ಬೇಸತ್ತು ಮುಖ ತಿರುಗಿಸುತ್ತದೆ. 1970ರ ದಶಕದ ಈ ಪ್ರಯೋಗ ಪ್ರಸಿದ್ಧವಾಗಿದೆ. ಆದರೆ ಅವರ ಇನ್ನೊಂದು ಮಾತನ್ನು ಟಿಪ್ಪಣಿಗಳಲ್ಲಿ ಕೈಬಿಡುತ್ತಾರೆ. ಅಕ್ಕರೆಯ ತಾಯಿಯೊಡನೆಯೂ ಮಗುವಿಗೆ ತಾಳ ಕೂಡುವ ಕ್ಷಣಗಳಿಗಿಂತ ತಾಳ ತಪ್ಪುವ ಕ್ಷಣಗಳೇ ಹೆಚ್ಚು. ತಪ್ಪಿದ ತಾಳ ಮತ್ತೆ ಕೂಡುವುದರಿಂದಲೇ ಮಗು ಭರವಸೆಯನ್ನು ಕಲಿಯುತ್ತದೆ.

ಪೋಷಕರ ಸಭೆಯ ದಿನ ಬಾಟಲಿ ಬೀಳಿಸಿದ ಹುಡುಗನ ತಾಯಿಯೊಡನೆ ಮಾತಾಡಿದೆ. ಮನೆಯಲ್ಲಿ ರಾತ್ರಿ ಮಾತಿಗೆ ಮಾತು ಬೆಳೆಯುವುದನ್ನು ಅವರು ಮುಚ್ಚಿಡಲಿಲ್ಲ. "ಅವ್ನು ಮನೀಕಂಡಿರ್ತಾನೆ ಕನ ಮೇಡಂ, ಅವ್ನಿಗೇನ್ ಗೊತ್ತಾದದು" ಎಂದರು. ಅದೇ ಹುಡುಗ ಹಿಂದಿನ ವಾರ ನನ್ನೊಡನೆ, ಕಣ್ಣು ಮುಚ್ಚಿಕೊಂಡು ಗಡಿಯಾರದ ಸದ್ದು ಎಣಿಸುವುದು ತನಗೆ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದ್ದ.

ಜಗಳ ಗಂಡ ಹೆಂಡಿರದೇ ಆಗಬೇಕಿಲ್ಲ. ಅತ್ತೆ ಸೊಸೆ ಮಾತು ಬಿಟ್ಟ ಮನೆಯಲ್ಲಿ ಮಗುವೇ ಅಂಚೆಯವನಾಗುತ್ತದೆ. ಒಲೆಯ ಬಳಿಯಿಂದ "ಉಣ್ಣಾಕ್ ಬರ್ಬೇಕಂತೆ ಅಂತ ನಿಮ್ಮಜ್ಜಿಗೆ ಹೇಳು" ಎಂಬ ಮಾತು ಹೊರಡುತ್ತದೆ. ಜಗಲಿಯಿಂದ "ಹಸಿವಿಲ್ವಂತೆ ಅಂತ ಹೇಳೋಗು" ಎಂಬ ಉತ್ತರ ಬರುತ್ತದೆ. ಮಧ್ಯೆ ಹತ್ತು ಹೆಜ್ಜೆ ನಡೆಯುವ ಐದು ವರ್ಷದ ಮಗು ಆ ಮಾತಿನ ಮೊನೆಯನ್ನು ಮುರಿದು ತಲುಪಿಸಲು ಕಲಿಯುತ್ತದೆ. ಕುಟುಂಬ ಚಿಕಿತ್ಸೆಯ ಸಾಹಿತ್ಯದಲ್ಲಿ ಇದಕ್ಕೆ ತ್ರಿಕೋನೀಕರಣ ಎನ್ನುತ್ತಾರೆ. ಮರ್ರೆ ಬೋವೆನ್ ಮತ್ತು ಸಾಲ್ವಡಾರ್ ಮಿನುಚಿನ್ ಇಬ್ಬರೂ ಇದರ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಇಂಥ ಮಕ್ಕಳು ಶಾಲೆಯಲ್ಲಿ ಬಹಳ ಜಾಣರಂತೆ, ವಯಸ್ಸಿಗೆ ಮೀರಿದ ತಿಳಿವಳಿಕೆಯವರಂತೆ ಕಾಣುತ್ತಾರೆ. ತಮಗೆ ಏನು ಬೇಕು ಎಂದು ಕೇಳಿದರೆ ಮಾತ್ರ ಅವರಿಗೆ ಉತ್ತರ ಹೊಳೆಯುವುದಿಲ್ಲ.

ಸಾಲ ಮಗುವಿನವರೆಗೆ ತಲುಪುವ ದಾರಿ

ನಮ್ಮ ಜಿಲ್ಲೆಗೆ ಅತ್ಯಂತ ಹತ್ತಿರವೆನಿಸಿದ ಅಧ್ಯಯನ ಅಮೆರಿಕದ ಅಯೋವಾ ರಾಜ್ಯದ್ದು. 1980ರ ದಶಕದಲ್ಲಿ ಅಲ್ಲಿ ಕೃಷಿ ಕುಸಿದು ರೈತರು ಜಮೀನು ಕಳೆದುಕೊಂಡಾಗ, ರ‍್ಯಾಂಡ್ ಕಾಂಗರ್ ಮತ್ತು ಗ್ಲೆನ್ ಎಲ್ಡರ್ ನೂರಾರು ಗ್ರಾಮೀಣ ಕುಟುಂಬಗಳನ್ನು ವರ್ಷಗಳ ಕಾಲ ಹಿಂಬಾಲಿಸಿದರು. ಅವರು ಕಂಡದ್ದು ಇಷ್ಟು: ಹಣದ ಅಡಚಣೆ ಮಗುವನ್ನು ಹೆಚ್ಚಾಗಿ ಬಳಸುದಾರಿಯಲ್ಲಿ ಮುಟ್ಟುತ್ತದೆ. ಮೊದಲು ತಂದೆ ತಾಯಿಯ ಮನಸ್ಸು ಕುಗ್ಗುತ್ತದೆ, ಆಮೇಲೆ ಅವರಿಬ್ಬರ ನಡುವೆ ಕಿಡಿ ಹಾರುತ್ತದೆ, ಅದರಿಂದ ಮಗುವಿನೊಡನೆ ಮಾತು ಒರಟಾಗುತ್ತದೆ ಅಥವಾ ನಿಂತೇ ಹೋಗುತ್ತದೆ, ಕೊನೆಗೆ ಮಗುವಿನ ನಡತೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಕಬ್ಬು ಕಡಿದು ಲಾರಿಗೆ ತುಂಬಿ ಕಳಿಸಿದ ಮೇಲೆ ಹಣ ಕೈಗೆ ಬರುವವರೆಗೆ ಮಂಡ್ಯದ ಮನೆಗಳಲ್ಲಿ ಎಂಥ ಬಿಗುವು ಇರುತ್ತದೆ ಎಂಬುದನ್ನು ಬಲ್ಲವರಿಗೆ ಈ ಸರಪಳಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ಬಸ್ಸು ಹತ್ತುವ ತಾಯಿ, ಬೆಂಗಳೂರಿನ ಕೆಲಸಕ್ಕೆ ಹೋಗಿ ಭಾನುವಾರ ಮಾತ್ರ ಮುಖ ತೋರಿಸುವ ತಂದೆ, ಇವರಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆ ಎಂದು ಹೇಳುವ ಹಕ್ಕು ನಮಗೆ ಯಾರಿಗೂ ಇಲ್ಲ. ಕಡಿಮೆಯಾಗಿರುವುದು ಬಿಡುವು ಮತ್ತು ನೆಮ್ಮದಿ. ಸರಪಳಿಯ ನಡುವಿನ ಕೊಂಡಿಯನ್ನು, ಅಂದರೆ ದಂಪತಿಗಳ ನಡುವಿನ ಆಸರೆಯನ್ನು, ಕಾಯ್ದುಕೊಂಡ ಮನೆಗಳಲ್ಲಿ ಅದೇ ಕಷ್ಟ ಮಕ್ಕಳನ್ನು ಅಷ್ಟಾಗಿ ಮುರಿಯಲಿಲ್ಲ ಎಂಬುದು ನನಗೆ ಇಡೀ ಅಧ್ಯಾಯದಲ್ಲಿ ಅತ್ಯಂತ ಬೆಲೆಯುಳ್ಳ ಮಾತಾಗಿ ಕಂಡಿತು.

ಶಿಸ್ತು, ಸ್ವಭಾವ, ಒಡಹುಟ್ಟು

ಪೋಷಕರ ಶೈಲಿಗಳ ಬಗ್ಗೆ ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ಮಾಡಿದ ವಿಂಗಡಣೆ ಎಲ್ಲ ಪುಸ್ತಕಗಳಲ್ಲೂ ಇರುವುದರಿಂದ ಇಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಅಧಿಕಾರಶಾಹಿ, ಅಧಿಕಾರಯುತ, ಸಡಿಲ ಎಂಬ ಮೂರಕ್ಕೆ 1983ರಲ್ಲಿ ಮ್ಯಾಕೋಬಿ ಮತ್ತು ಮಾರ್ಟಿನ್ ನಿರ್ಲಕ್ಷ್ಯ ಎಂಬ ನಾಲ್ಕನೆಯದನ್ನು ಸೇರಿಸಿದರು. ಮೊದಲೆರಡು ಪದಗಳು ಕಿವಿಗೆ ಒಂದೇ ರೀತಿ ಕೇಳಿಸುವುದರಿಂದ ಗೊಂದಲವಾಗುತ್ತದೆ: ಅಧಿಕಾರಶಾಹಿಯಲ್ಲಿ ಕಟ್ಟುನಿಟ್ಟು ಇದೆ, ಕಾರಣ ಹೇಳುವುದಿಲ್ಲ, ಅಧಿಕಾರಯುತದಲ್ಲಿ ಕಟ್ಟುನಿಟ್ಟೂ ಇದೆ, ಅಕ್ಕರೆಯೂ ಇದೆ, ಕಾರಣವನ್ನೂ ಹೇಳುತ್ತಾರೆ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ಹೊಡೆತಕ್ಕೆ ಸಮರ್ಥನೆಯಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಗಿಡವನ್ನು ಬಗ್ಗಿಸುವವರು ಅದಕ್ಕೆ ನೀರನ್ನೂ ಹಾಕುತ್ತಾರೆ. ಜೆರಾಲ್ಡ್ ಪ್ಯಾಟರ್ಸನ್ ತೋರಿಸಿದ ಬಲವಂತದ ಚಕ್ರವನ್ನೂ ಇಲ್ಲಿಯೇ ನೆನಪಿಡಬೇಕು. ತಾಯಿ ಮೊಬೈಲ್ ಕಸಿದುಕೊಳ್ಳುತ್ತಾಳೆ, ಮಗು ಕಿರುಚುತ್ತದೆ, ತಾಯಿ ಗದರುತ್ತಾಳೆ, ಮಗು ಇನ್ನೂ ಜೋರಾಗಿ ಕಿರುಚುತ್ತದೆ, ಸಾಕಾಗಿ ತಾಯಿ ಮೊಬೈಲ್ ಕೊಟ್ಟುಬಿಡುತ್ತಾಳೆ. ಕಿರುಚಿದರೆ ಸಿಗುತ್ತದೆ ಎಂದು ಮಗು ಕಲಿಯಿತು, ಕೊಟ್ಟರೆ ಸುಮ್ಮನಾಗುತ್ತದೆ ಎಂದು ತಾಯಿ ಕಲಿತಳು. ಇದೇ ಪಾಠವನ್ನು ಮಗು ಶಾಲೆಯ ಅಂಗಳಕ್ಕೂ ಹೊತ್ತು ತರುತ್ತದೆ, ಅಲ್ಲಿ ಗೆಳೆಯರು ದೂರ ಸರಿಯುತ್ತಾರೆ.

ಆದರೆ ಎಲ್ಲವನ್ನೂ ಪೋಷಕರ ತಲೆಗೆ ಕಟ್ಟಬಾರದು. 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಥಾಮಸ್ ಮತ್ತು ಚೆಸ್ ಅವರ ದೀರ್ಘ ಅಧ್ಯಯನ, ಕೆಲವು ಮಕ್ಕಳು ಹುಟ್ಟಿನಿಂದಲೇ ಸಲೀಸಾದ ಸ್ವಭಾವದವರು, ಕೆಲವರು ಕಠಿಣ ಸ್ವಭಾವದವರು, ಕೆಲವರು ನಿಧಾನವಾಗಿ ಹೊಂದಿಕೊಳ್ಳುವವರು ಎಂದು ತೋರಿಸಿತು. ಮಗುವಿನ ಸ್ವಭಾವಕ್ಕೂ ಮನೆಯ ರೀತಿಗೂ ಮೇಳ ಕೂಡುವುದೇ ಮುಖ್ಯ. ಅಣ್ಣ ತಮ್ಮಂದಿರ ಕಿತ್ತಾಟವೂ ಒಂದು ಮಟ್ಟದವರೆಗೆ ಒಳ್ಳೆಯ ಅಭ್ಯಾಸವೇ; ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಹೀಗಳೆಯುವ ಮನೆಯಲ್ಲಿ ಮಾತ್ರ ಅದು ಹಗೆಯಾಗಿ ನಿಲ್ಲುತ್ತದೆ.

ಕೂಡು ಕುಟುಂಬವೇ ಮೇಲೇ?

ಪರೀಕ್ಷೆಯಲ್ಲಿ ಪದೇ ಪದೇ ಬರುವ ಈ ಪ್ರಶ್ನೆಗೆ ಹೌದು, ಅಲ್ಲ ಎಂಬ ಉತ್ತರ ಸಲ್ಲದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಪೋಷಕರ ಕಾಯಿಲೆ, ಒಡೆದ ಸಂಸಾರದಂಥ ಹಲವು ಕಷ್ಟಗಳನ್ನು ಒಟ್ಟಿಗೆ ಹೊತ್ತ ಮಕ್ಕಳಲ್ಲಿಯೂ ಸುಮಾರು ಮೂರನೇ ಒಂದು ಭಾಗದವರು ಸಮರ್ಥರೂ ಅಂತಃಕರಣವುಳ್ಳವರೂ ಆಗಿ ಬೆಳೆದರು. ಅವರ ಬದುಕಿನಲ್ಲಿ ನೆಚ್ಚಿಕೊಳ್ಳಬಹುದಾದ ಒಬ್ಬರಾದರೂ ಹಿರಿಯರಿದ್ದರು. ಕೆಲವರಿಗೆ ಅಜ್ಜಿ, ಕೆಲವರಿಗೆ ಅಕ್ಕ, ಕೆಲವರಿಗೆ ಶಿಕ್ಷಕರು. ಕೂಡು ಕುಟುಂಬದ ಲಾಭ ಇರುವುದು ಅಂಥ ಒಬ್ಬರು ಸಿಗುವ ಸಂಭವ ಹೆಚ್ಚು ಎಂಬುದರಲ್ಲಿ. ಹತ್ತು ಜನರಿದ್ದೂ ಮಗುವಿನ ಮಾತಿಗೆ ಕಿವಿಗೊಡುವವರು ಒಬ್ಬರೂ ಇಲ್ಲದ ಮನೆ ಇರಬಹುದು. ತಾಯಿಯೊಬ್ಬಳೇ ಅಗರಬತ್ತಿ ಹೊಸೆಯುತ್ತಾ, ಪಕ್ಕದಲ್ಲಿ ಕುಳಿತ ಮಗಳ ಶಾಲೆಯ ಕಥೆಗೆ ಹೂಂಗುಟ್ಟುವ ಮೈಸೂರಿನ ಒಂಟಿ ಕೋಣೆಯ ಮನೆ ಮಗುವಿಗೆ ಏನೂ ಕಡಿಮೆ ಮಾಡದಿರಬಹುದು.

ಶಿಕ್ಷಕರಾಗಲಿರುವ ನಮಗೆ ಮನೆಯನ್ನು ತಿದ್ದುವ ಅಧಿಕಾರವಿಲ್ಲ, ಆದರೆ ಆ ಒಬ್ಬ ಹಿರಿಯರಾಗುವ ಅವಕಾಶವಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯಲ್ಲಿ ಪೆಟ್ಟು ತಿಂದು ಬಂದ ಮಗುವಿಗೆ ಶಾಲೆಯಾದರೂ ಬೇರೆಯ ಜಾಗವಾಗಬೇಕು. ಗಮನಿಸಿದ್ದನ್ನು ಬರೆದಿಡುವಾಗ ತೀರ್ಪು ಬರೆಯದೆ, ಕಂಡದ್ದನ್ನು ದಿನಾಂಕದೊಡನೆ ಬರೆಯುವುದು ಒಳ್ಳೆಯದು: 'ಅಂಜುಬುರುಕ' ಎಂಬುದಕ್ಕಿಂತ 'ಬಾಟಲಿ ಬಿದ್ದಾಗ ಕೈ ಅಡ್ಡ ಹಿಡಿದ' ಎಂಬುದು ಮುಂದೆ ನೋಡುವವರಿಗೆ ಹೆಚ್ಚು ಹೇಳುತ್ತದೆ. ಮಗುವಿಗೆ ಅಪಾಯವಿದೆ ಎನಿಸಿದರೆ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಆ ಹುಡುಗನ ತಾಯಿಗೆ ನಾನು ಹೇಳಿದ್ದು ಒಂದೇ ಮಾತು: ರಾತ್ರಿ ಏನೇ ಆಗಿರಲಿ, ಬೆಳಗ್ಗೆ ನೀವಿಬ್ಬರೂ ಮಾತಾಡಿಕೊಂಡದ್ದನ್ನು ಅವನ ಎದುರಿಗೆ ಒಂದು ಸಲ ಕಾಣಿಸಿ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ, ಹೊರಗೆ ಹುಣಸೆ ಮರದ ಕೆಳಗೆ ಬೈಕಿನ ಮೇಲೆ ಕುಳಿತಿದ್ದ ಗಂಡನನ್ನು ಒಳಗೆ ಕರೆದುಕೊಂಡು ಬರಲೇ ಎಂದು ಕೇಳಿದರು.